ಮೇನ್ ಸ್ವಿಚ್ ಜಗುಲಿಗೆ ಬರಲಿ: ಹುಲಿಕಲ್ ಸೀಮೆಯ ವಿದ್ಯುತ್ ಬಳಕೆದಾರರ ಹಕ್ಕೊತ್ತಾಯ ಪತ್ರ

ವಿದ್ಯುತ್ ಸರಬರಾಜು ಕಂಪನಿಯ ಅಧಿಕಾರಿಗಳಿಗೆ, ವಿದ್ಯುತ್ ಪರಿವೀಕ್ಷಣಾಲಯಕ್ಕೆ, ಇಂಧನ ಇಲಾಖೆಗೆ ಮತ್ತು ನಮ್ಮ ಗ್ರಾಮ ಪಂಚಾಯಿತಿಗಳಿಗೆ,



ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ನಗರ ಎಂಬ ಊರುಗಳ ಸುತ್ತಿನ ಹಳ್ಳಿಗಳಲ್ಲಿ ಕರೆಂಟ್ ಉರಿಸುವ ಮನೆಗಳವರು ನಾವು. ಸಾಗರ, ತೀರ್ಥಹಳ್ಳಿ ಕಡೆಯ ನೆಂಟರಿಷ್ಟರ ಮನೆಗಳ ಸ್ಥಿತಿಯೂ ಇದೇ ಆದ್ದರಿಂದ ಅವರ ಮಾತನ್ನೂ ಸೇರಿಸಿ ಬರೆಯುತ್ತಿದ್ದೇವೆ. ಪ್ರತಿ ಮನೆಯ ಜಗುಲಿಯಲ್ಲಿ, ಮೀಟರಿನ ಪಕ್ಕ, ಮನೆಯೊಳಗಿನ ಕರೆಂಟನ್ನೆಲ್ಲ ಒಂದೇ ಸಲಕ್ಕೆ ಬಿಡಿಸುವ ಒಂದು ಹಿಡಿ ಇರಬೇಕು. ಅದು ಮನೆಯ ಅಮ್ಮನ ಕೈಗೂ ಎಟುಕಬೇಕು. ನಾವು ಕೇಳುವುದು ಇಷ್ಟೇ.

ನಮ್ಮೂರ ಮಳೆ ನಿಮಗೆ ಹೊಸದಲ್ಲ. ಹುಲಿಕಲ್ ಘಾಟಿಯ ನೆತ್ತಿಯಲ್ಲಿ ಆಗುಂಬೆಯನ್ನೂ ಹಿಂದೆ ಹಾಕಿದ ಮಳೆ ಬಿದ್ದ ವರ್ಷಗಳುಂಟು. ಇಲ್ಲಿ ಬಿದ್ದ ನೀರು ಮಾಣಿ ಅಣೆಕಟ್ಟಿಗೆ ಸೇರಿ, ಘಟ್ಟದ ಹೊಟ್ಟೆಯೊಳಗಿನ ಸುರಂಗ ಇಳಿದು, ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಹೋಗಿ ಶರಾವತಿಯ ಲೆಕ್ಕಕ್ಕೆ ಸೇರುತ್ತದೆ. ನಾಡಿಗೆಲ್ಲ ಬೆಳಕು ಕೊಡುವ ಅದೇ ಮಳೆ ನಮ್ಮ ಮಣ್ಣಿನ ಗೋಡೆಯೊಳಗೆ ಇಳಿದು, ಮೀಟರ್ ಕೂರಿಸಿದ ಮರದ ಹಲಗೆಯನ್ನು ನೆನೆಸಿ, ಕೈ ತಗುಲಿದರೆ ಜುಮ್ಮೆನ್ನುವ ಹಾಗೆ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ನಮ್ಮ ಮನೆಗಳಲ್ಲಿ ಒಣಗಿದ್ದು ಎಂದರೆ ಒಲೆಯ ಮೇಲಿನ ಅಟ್ಟದ ಕಟ್ಟಿಗೆ ಮಾತ್ರ.

ಈ ಪತ್ರ ಬರೆದವನ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಪುನರ್ವಸು ಮಳೆಯ ಒಂದು ರಾತ್ರಿ, ಅಂಗಳದಂಚಿನ ಧೂಪದ ಮರದ ಕೊಂಬೆ ಸರ್ವಿಸ್ ವೈರಿನ ಮೇಲೆ ಬಿತ್ತು. ವೈರು ಜಗ್ಗಿ ಮೀಟರ್ ಬೋರ್ಡು ಗೋಡೆಯಿಂದ ಅರ್ಧ ಕಿತ್ತುಬಂತು. ಅಡುಗೆಮನೆಯ ಪಕ್ಕದ ಗೋಡೆಯಲ್ಲಿ ಚಟಚಟ ಸದ್ದು, ಸುಟ್ಟ ವಾಸನೆ. ಮನೆಯಲ್ಲಿದ್ದವರು ಅಮ್ಮ, ಅತ್ತಿಗೆ ಮತ್ತು ಎಂಟು ವರ್ಷದ ಮಗು. ಮೇನ್ ಸ್ವಿಚ್ ಇದ್ದದ್ದು ನಡುಮನೆಯ ಬಾಗಿಲ ಮೇಲೆ, ಅಟ್ಟಕ್ಕೆ ಹತ್ತುವ ಮೂಲೆಯಲ್ಲಿ, ಏಳಡಿ ಎತ್ತರಕ್ಕೆ; ಅದರ ಕೆಳಗೆ ಅಡಿಕೆ ಚೀಲಗಳು. ಅತ್ತಿಗೆ ಒದ್ದೆಗಾಲಲ್ಲೇ ಚೀಲದ ಮೇಲೆ ಹತ್ತಿ ಹಿಡಿ ಎಳೆದರು. ಕಬ್ಬಿಣದ ಪೆಟ್ಟಿಗೆಯ ಹಳೇ ಸ್ವಿಚ್ಚು, ತುಕ್ಕು ಹಿಡಿದು ಅಲ್ಲಾಡಲಿಲ್ಲ. ಕೊನೆಗೆ ಒಲೆಯ ಹತ್ತಿರ ಒಣಗಿಕೊಂಡಿದ್ದ ಒನಕೆ ತಂದು ಹಿಡಿಯ ಮೇಲೆ ಎರಡು ಪೆಟ್ಟು ಹಾಕಿದಾಗ ಅದು ಕೆಳಗೆ ಬಂತು, ದೀಪ ಆರಿತು. ಎಲ್ಲ ಮುಗಿಯಿತೆಂದುಕೊಂಡು ಬಚ್ಚಲ ಗೋಡೆಗೆ ಕೈ ಊರಿದ ಅಮ್ಮನಿಗೆ ಶಾಕ್ ಹೊಡೆಯಿತು. ಜೀವ ಉಳಿಯಿತು.

ಮಾರನೆಯ ದಿನ ವೈರಿಂಗ್ ಕೆಲಸದವನು ಬಂದು ಪೆಟ್ಟಿಗೆ ಬಿಚ್ಚಿ ತೋರಿಸಿದ. ಒಳಗೆ ಎರಡು ತಾಮ್ರದ ಕತ್ತಿಗಳು: ಒಂದು ಫೇಸಿಗೆ, ಒಂದು ನ್ಯೂಟ್ರಲಿಗೆ. ಎರಡನ್ನೂ ಜೋಡಿಸಿದ್ದ ಪಟ್ಟಿ ಒನಕೆಯ ಏಟಿಗೆ ಮುರಿದಿತ್ತು. ಕೆಳಗೆ ಬಂದದ್ದು ನ್ಯೂಟ್ರಲ್ ಕತ್ತಿ. ಫೇಸಿನ ಕತ್ತಿ ಕಿಲುಬಿನಲ್ಲಿ ಕಚ್ಚಿಕೊಂಡು ಅಲ್ಲೇ ಇತ್ತು. ಮನೆ ಕತ್ತಲಾಗಿತ್ತು, ಆದರೆ ಮನೆಯ ತಂತಿಗಳಲ್ಲೆಲ್ಲ ರಾತ್ರಿಯಿಡೀ 230 ವೋಲ್ಟ್ ಇತ್ತು. ತಪ್ಪು ನಮ್ಮದೇ. ಮೂವತ್ತು ವರ್ಷ ಆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಆ ಮೇಲೆ ನಾನು ಅಕ್ಕಪಕ್ಕದ ಮನೆಗಳಿಗೆ ಹೋಗಿ ನೋಡುತ್ತಾ ಬಂದೆ. ಕೆಲವೆಡೆ ಹಿಡಿಯೇ ಇಲ್ಲ, ಕೆಲವೆಡೆ ಹಿಡಿಯ ಮೇಲೆ ಕ್ಯಾಲೆಂಡರ್ ನೇತುಹಾಕಿದೆ, ಒಂದು ಮನೆಯಲ್ಲಿ ಪೆಟ್ಟಿಗೆಯೊಳಗೆ ಕಡಜ ಗೂಡು ಕಟ್ಟಿದೆ. ಹಾಗೆ ಕಂಡದ್ದರಿಂದ ಹುಟ್ಟಿದ್ದು ಈ ಪಟ್ಟಿ.

1. ಪ್ರತಿ ಮನೆಗೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಿಡಿಸುವ ಡಬಲ್ ಪೋಲ್ ಮೇನ್ ಸ್ವಿಚ್ ಇರಲೇಬೇಕು. ಮೂರು ಫೇಸಿನ ಮನೆಗೆ ನಾಲ್ಕು ಪೋಲಿನದು.

ಇದು ಹೊಸ ಬೇಡಿಕೆಯೇನಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 50ನೇ ನಿಯಮವೇ ಹೇಳಿತ್ತು: ಸರಬರಾಜು ಶುರುವಾಗುವ ಜಾಗಕ್ಕೆ ಆದಷ್ಟು ಹತ್ತಿರ, ಸುಲಭವಾಗಿ ಕೈಗೆ ಸಿಗುವಂತೆ, ಇಡೀ ವೈರಿಂಗನ್ನು ಪೂರ್ತಿ ಬೇರ್ಪಡಿಸುವ ಜೋಡಿ ಸ್ವಿಚ್ ಅಥವಾ ಸರ್ಕ್ಯೂಟ್ ಬ್ರೇಕರ್ ಇರಬೇಕು ಎಂದು. ಆ ನಿಯಮಗಳ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಬಂದವು, ಅವುಗಳ ಜಾಗಕ್ಕೆ 2023ರವು ಬಂದಿವೆ. ಕಾಗದದ ಮೇಲೆ ಈ ಸ್ವಿಚ್ಚಿಗೆ ಅರವತ್ತು ವರ್ಷ ದಾಟಿದೆ. ನಮ್ಮ ಎಷ್ಟೋ ಗೋಡೆಗಳಿಗೆ ಮಾತ್ರ ಅದು ಇನ್ನೂ ಬಂದು ಮುಟ್ಟಿಲ್ಲ.

ಎರಡೂ ತಂತಿಯನ್ನು ಯಾಕೆ ಬಿಡಿಸಬೇಕು ಎಂದು ಊರಲ್ಲಿ ಹಲವರು ಕೇಳುತ್ತಾರೆ. ಶಾಕ್ ಕೊಡುವುದು ಫೇಸ್ ತಾನೇ, ಅದೊಂದನ್ನು ಬಿಡಿಸಿದರೆ ಸಾಲದೇ ಎಂದು. ಪೇಟೆಯಲ್ಲಿ ಆ ಮಾತು ಬಹುಮಟ್ಟಿಗೆ ನಡೆದೀತು. ಇಲ್ಲಿ ನಡೆಯುವುದಿಲ್ಲ. ಗಾಳಿಮಳೆಗೆ ಲೈನ್ ಹರಿಯುತ್ತದೆ. ಕತ್ತಲಲ್ಲಿ, ಉಂಬಳ ಕಚ್ಚಿಸಿಕೊಳ್ಳುತ್ತಾ, ಕಂಪನಿಯ ಪವರ್‌ಮ್ಯಾನ್‌ಗಳು ಕಂಬ ಹತ್ತಿ ಮತ್ತೆ ಕಟ್ಟುತ್ತಾರೆ. ಆ ಗಡಿಬಿಡಿಯಲ್ಲಿ ಫೇಸ್ ಇದ್ದಲ್ಲಿಗೆ ನ್ಯೂಟ್ರಲ್, ನ್ಯೂಟ್ರಲ್ ಇದ್ದಲ್ಲಿಗೆ ಫೇಸ್ ಬಂದರೂ ಮನೆಯಲ್ಲಿ ಬಲ್ಬು ಎಂದಿನಂತೆ ಉರಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಒಂಟಿ ಪೋಲಿನ ಸ್ವಿಚ್ ಕೆಳಗೆ ತಂದರೆ ಬಿಡಿಸುವುದು ನ್ಯೂಟ್ರಲನ್ನು. ಫೇಸ್ ಮನೆಯೊಳಗೆ ಹಾಗೇ ಉಳಿಯುತ್ತದೆ. ಇನ್ನೊಂದು ಬಗೆಯೂ ಇದೆ. ಕಂಬದ ಕಡೆ ನ್ಯೂಟ್ರಲ್ ಹರಿದರೆ, ಉರಿಯುತ್ತಿದ್ದ ಬಲ್ಬಿನ ಮೂಲಕ ಹಾದ ಕರೆಂಟ್ ಹೋಗಲು ದಾರಿಯಿಲ್ಲದೆ ಮನೆಯ ನ್ಯೂಟ್ರಲ್ ತಂತಿಯಲ್ಲೇ ನಿಲ್ಲುತ್ತದೆ. ಬಲ್ಬು ಆರಿರುತ್ತದೆ, ನ್ಯೂಟ್ರಲ್ ಮುಟ್ಟಿದವನಿಗೆ ಹೊಡೆಯುತ್ತದೆ. ಮೂರು ಫೇಸ್ ಹಾದ ಬೀದಿಯಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯ ನ್ಯೂಟ್ರಲ್ ಹೋದರಂತೂ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ಬಂದು ಟಿವಿ, ಫ್ರಿಜ್ ಸುಟ್ಟುಹೋಗುತ್ತವೆ. ಬಲ್ಬು ಅತಿ ಪ್ರಕಾಶವಾಗಿ ಉರಿಯತೊಡಗಿದ ಆ ಕ್ಷಣದಲ್ಲಿ ಓಡಿ ಹೋಗಿ ಬಿಡಿಸಲು ಒಂದು ಹಿಡಿ ಬೇಕು, ಅದು ಎರಡನ್ನೂ ಬಿಡಿಸಬೇಕು.

2. ಆ ಹಿಡಿ ಜಗುಲಿಯಲ್ಲಿರಲಿ, ನೆಲದಿಂದ ನಾಲ್ಕೂವರೆ ಐದಡಿ ಎತ್ತರದಲ್ಲಿ. ಅಟ್ಟದ ಮೆಟ್ಟಿಲು, ದೇವರ ಕೋಣೆ, ಬಚ್ಚಲಿನ ಗೋಡೆ, ಕೊಟ್ಟಿಗೆ, ಗೊಬ್ಬರದ ಚೀಲ ಪೇರಿಸುವ ಮೂಲೆ ಬೇಡ. ಜಗುಲಿಗೆ ಇರಿಚಲು ಹೊಡೆಯುತ್ತದೆ ಎಂಬುದು ನಿಜ; ಜಡಿ ಕಟ್ಟಿದರೂ ಪುಷ್ಯ ಮಳೆಯ ಗಾಳಿಗೆ ಅದು ತಡೆಯುವುದಿಲ್ಲ. ಹಾಗಾಗಿ ರಬ್ಬರ್ ಅಂಚಿನ, ನೀರು ಹೋಗದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಬೇಕು, ವೈರು ಕೆಳಗಿನಿಂದ ಒಳಗೆ ಹೋಗಬೇಕು. ಮೇಲಿಂದ ಹೋದ ವೈರಿನ ಗುಂಟ ನೀರು ಇಳಿದು ನೇರ ಸ್ವಿಚ್ಚಿಗೆ ಬರುತ್ತದೆ. ವೈರು ಹೊಕ್ಕ ತೂತನ್ನು ಮುಚ್ಚದಿದ್ದರೆ ಇರುವೆಯೂ ಹಲ್ಲಿಯೂ ಒಳಗೆ ಸೇರಿಕೊಳ್ಳುತ್ತವೆ. ಮರದ ಹಲಗೆ ತೆಗೆಯಿರಿ.

3. ಮೀಟರ್ ದಾಟಿದ ಕೂಡಲೇ ಒಂದು ಐಸೊಲೇಟರನ್ನು, ಅಂದರೆ ಕೈಯಿಂದ ಬಿಡಿಸುವ ಸ್ವಿಚ್ಚನ್ನು, ಕಂಪನಿಯೇ ತನ್ನ ಖರ್ಚಿನಲ್ಲಿ ಕೂರಿಸಿಕೊಡಬೇಕು.

ಈಗಿನ ತೊಡಕು ಹೀಗಿದೆ. ಹಳೇ ಮೇನ್ ಸ್ವಿಚ್ ಬದಲಿಸಬೇಕೆಂದರೆ ಅದಕ್ಕೆ ಬರುವ ಕರೆಂಟನ್ನು ಮೊದಲು ನಿಲ್ಲಿಸಬೇಕು. ನಿಲ್ಲಿಸುವ ಕಟ್‌ಔಟ್ ಕಂಪನಿಯದು, ಮೀಟರಿಗೆ ಸೀಲು ಇದೆ, 2003ರ ವಿದ್ಯುತ್ ಕಾಯ್ದೆಯ 138ನೇ ಕಲಮಿನ ಪ್ರಕಾರ ಅವನ್ನು ನಾವು ಮುಟ್ಟುವುದು ಅಪರಾಧ. ಹಾಗಾಗಿ ಪವರ್‌ಮ್ಯಾನ್ ಬರುವ ತನಕ ಕಾಯಬೇಕು. ಒಬ್ಬ ಪವರ್‌ಮ್ಯಾನ್ ಎಷ್ಟು ಹಳ್ಳಿ, ಎಷ್ಟು ಗುಡ್ಡ ಸುತ್ತುತ್ತಾರೆಂದು ನಾವು ದಿನಾ ನೋಡುತ್ತೇವೆ. ಮಳೆಗಾಲದಲ್ಲಿ ಸ್ವಿಚ್ ಬದಲಿಸಲು ಬನ್ನಿ ಎಂದು ಅವರನ್ನು ಕರೆಯಲು ನಮಗೇ ಮನಸ್ಸು ಬಾರದು. ಕೊನೆಗೆ ವೈರಿಂಗ್ ಹುಡುಗ ಕರೆಂಟ್ ಇದ್ದಂತೆಯೇ, ಒಣ ಹಲಗೆಯ ಮೇಲೆ ನಿಂತು, ಒಂದೊಂದೇ ತಂತಿ ಬಿಚ್ಚಿ ಟೇಪು ಸುತ್ತಿ ಕೆಲಸ ಮುಗಿಸುತ್ತಾನೆ. ಇಪ್ಪತ್ತು ಇಪ್ಪತ್ತೆರಡರ ಹುಡುಗರು ಅವರು. ಹಾಗೆ ಅವರು ಕೆಲಸ ಮಾಡುವುದನ್ನು ನಿಂತು ನೋಡುವುದು ನಮಗೆ ಸಾಕಾಗಿದೆ.

ಮೀಟರಿನ ಪಕ್ಕ ಐಸೊಲೇಟರ್ ಇದ್ದರೆ ಆ ಕಡೆಯದು ಕಂಪನಿಯದು, ಈ ಕಡೆಯದು ನಮ್ಮದು. ಒಳಬರುವ ತಂತಿಯ ತುದಿಗೆ ಸೀಲು ಹಾಕಿಕೊಳ್ಳಿ, ಹಿಡಿಯನ್ನು ಮಾತ್ರ ನಮಗೆ ಬಿಡಿ. ಮನೆಯೊಳಗಿನ ಯಾವ ಕೆಲಸಕ್ಕೂ ಆಮೇಲೆ ಕಂಬದ ತನಕ ಹೋಗಬೇಕಿಲ್ಲ. ತಿರುಗುವ ಚಕ್ರದ ಹಳೇ ಮೀಟರ್ ತೆಗೆದು ಎಲೆಕ್ಟ್ರಾನಿಕ್ ಮೀಟರ್ ಹಾಕಿದಿರಿ, ಈಗ ಸ್ಮಾರ್ಟ್ ಮೀಟರಿನ ಕಾಲ ಬಂದಿದೆ. ಹೇಗೂ ಮೀಟರ್ ಬದಲಿಸಲು ಬಂದ ದಿನ ಕರೆಂಟ್ ನಿಲ್ಲಿಸಿಯೇ ಇರುತ್ತೀರಿ. ಅದೇ ಅರ್ಧ ಗಂಟೆಯಲ್ಲಿ ಇದನ್ನೂ ಕೂರಿಸಿ.

4. ಹಳೇ ಮನೆಗಳಲ್ಲಿ ನ್ಯೂಟ್ರಲ್ ತಂತಿಗೂ ಒಂದು ಬಿಳಿ ಪಿಂಗಾಣಿ ಫ್ಯೂಸ್ ಇದೆ. ಅದನ್ನು ತೆಗೆಸಬೇಕು. ಆ ಫ್ಯೂಸ್ ಹೋದ ದಿನ ಮನೆ ಕತ್ತಲಾಗಿ, ಕರೆಂಟ್ ಇಲ್ಲವೆಂದು ನಂಬಿ ಮನೆಯವರು ಕೈ ಹಾಕುತ್ತಾರೆ. ಜೋಡಿ ಸ್ವಿಚ್ಚಿನ ಹೊರತು ನ್ಯೂಟ್ರಲಿಗೆ ಬೇರೆ ಫ್ಯೂಸೂ ಸ್ವಿಚ್ಚೂ ಕೂಡದು ಎಂದು 1956ರ ನಿಯಮಗಳೇ ತಡೆದಿದ್ದವು.

5. ಭಾಗ್ಯಜ್ಯೋತಿ, ಕುಟೀರಜ್ಯೋತಿಯ ಮನೆಗಳಿಗೆ ಮೊದಲ ಸರದಿ.

ಒಂದು ಬಲ್ಬಿಗೆಂದು ಕೊಟ್ಟ ಸಂಪರ್ಕಗಳು ಅವು. ಒಂದು ಬಲ್ಬಿಗೆ ಮೇನ್ ಸ್ವಿಚ್ ಯಾಕೆ ಎಂದು ಆಗ ಯಾರಿಗಾದರೂ ಅನಿಸಿದ್ದರೆ ಅದು ತಪ್ಪೆಂದು ನಾವು ಹೇಳುವುದಿಲ್ಲ. ಈಗ ಆ ಮನೆಗಳಲ್ಲಿ ಮಿಕ್ಸಿ ಇದೆ, ಟಿವಿ ಇದೆ, ಮೊಬೈಲ್ ಚಾರ್ಜರ್ ಇದೆ, ಮಗಳು ಕಾಲೇಜಿಗೆ ಹೋಗುವ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೂ ಇದೆ. ತಂತಿ ಮಾತ್ರ ಅಂದಿನದೇ. ಬಲ್ಬಿನ ಹೋಲ್ಡರಿಂದಲೇ ಎಳೆದು, ಸೂರಿನ ತೊಲೆಗೆ ಮೊಳೆ ಹೊಡೆದು ಕಟ್ಟಿದ್ದು. ಗೃಹಜ್ಯೋತಿಯಲ್ಲಿ 2023ರಿಂದ ತಿಂಗಳಿಗೆ 200 ಯೂನಿಟ್ ತನಕದ ಬಿಲ್ಲನ್ನು ಸರ್ಕಾರ ಕಟ್ಟುತ್ತಿದೆ. ಅದಕ್ಕೆ ನಾವು ಋಣಿಗಳು. ಒಂದು ಡಬಲ್ ಪೋಲ್ ಎಂಸಿಬಿಗೆ ಅಂಗಡಿಯಲ್ಲಿ ಕೆಲವು ನೂರು ರೂಪಾಯಿ. ಬಿಲ್ ಕಟ್ಟುವ ಕೈಯೇ ಒಮ್ಮೆ ಮಾತ್ರ ಆ ಸ್ವಿಚ್ಚಿನ ದುಡ್ಡನ್ನೂ ಕೊಟ್ಟರೆ ಕೂಲಿ ಮಾಡುವ ಮನೆಯ ಮೇಲೆ ಅದರ ಭಾರ ಬೀಳುವುದಿಲ್ಲ.

6. ಮೇನ್ ಸ್ವಿಚ್ಚಿನ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಮತ್ತು ಸರಿಯಾದ ಅರ್ತಿಂಗ್.

ಐಸೊಲೇಟರ್ ತಾನಾಗಿ ಬೀಳುವುದಿಲ್ಲ. ಯಾರಾದರೂ ಕೈಯಿಂದ ಬಿಡಿಸಬೇಕು. ಎಂಸಿಬಿ ಬೀಳುವುದು ತಂತಿಗೆ ಭಾರ ಹೆಚ್ಚಾದಾಗ. ಮನುಷ್ಯನ ಮೈಯಲ್ಲಿ ಹರಿದು ಕೊಲ್ಲುವ ಕರೆಂಟ್ ಎಂಸಿಬಿಯ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಹತ್ತು ವ್ಯಾಟಿನ ಬಲ್ಬು ಎಳೆಯುವುದಕ್ಕಿಂತ ಕಡಿಮೆ ಸೋರಿಕೆಗೇ ಬೀಳುವುದು ಆರ್‌ಸಿಸಿಬಿ ಒಂದೇ. ಊರಿನಲ್ಲಿ ಎಂಸಿಬಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರು ಬಹಳ. ಅವರಿಗೆ ಇದನ್ನು ತಿಳಿಸಿ ಹೇಳುವ ಜವಾಬ್ದಾರಿ ನಿಮ್ಮದೂ ಹೌದು.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಆರ್‌ಸಿಸಿಬಿ ಹಾಕಿಸಿದ ಮನೆಗಳಲ್ಲಿ ಆಷಾಢದ ಮಳೆ ಹಿಡಿದ ಮೇಲೆ ಅದು ಬೀಳುತ್ತಲೇ ಇರುತ್ತದೆ. ಮೂರು ದಿನ ಸಹಿಸಿ, ನಾಲ್ಕನೆಯ ದಿನ ಅದನ್ನು ದಾಟಿಸಿ ನೇರ ತಂತಿ ಕೊಟ್ಟವರು ನಮ್ಮಲ್ಲೇ ಇದ್ದಾರೆ. ಬೀಳುವುದು ಅದರ ದೋಷವಲ್ಲ. ಗೋಡೆಯೊಳಗಿನ ಹಳೇ ತಂತಿಯ ಹೊದಿಕೆ ಕೊಳೆತು ತೇವಕ್ಕೆ ಸೋರುತ್ತಿದೆ ಎಂದು ಅದು ಹೇಳುತ್ತಿರುತ್ತದೆ. ಆದ್ದರಿಂದ ಬರೀ ಉಪಕರಣ ಕೊಟ್ಟರೆ ಸಾಲದು. ಮಳೆಗಾಲಕ್ಕೆ ಮುಂಚೆ ಮೆಗ್ಗರ್ ಹಿಡಿದು ಮನೆಮನೆಯ ತಂತಿ ಪರೀಕ್ಷಿಸುವ ಏರ್ಪಾಡು ಬೇಕು. ಅರ್ತಿಂಗ್ ಗುಂಡಿಯನ್ನು ಪರೀಕ್ಷಿಸುವುದಾದರೆ ಏಪ್ರಿಲ್‌ನಲ್ಲಿ ಪರೀಕ್ಷಿಸಿ. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಯಾವ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಬೇಸಿಗೆಯಲ್ಲಿ ಒಣಗಿದಾಗಲೇ ಅದರ ನಿಜ ಗೊತ್ತಾಗುವುದು.

7. ಇನ್ವರ್ಟರ್, ಜನರೇಟರ್, ಝರಿ ನೀರಿನ ಪಿಕೋ ಹೈಡ್ರೊ ಇರುವ ಪ್ರತಿ ಮನೆಗೂ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಬೇಕು.

ಈ ಬೇಡಿಕೆ ನಮಗಾಗಿ ಅಲ್ಲ, ಕಂಬ ಹತ್ತುವವರಿಗಾಗಿ. ವಾರಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಜನ ತಮ್ಮ ದಾರಿ ತಾವು ಹುಡುಕಿಕೊಂಡಿದ್ದಾರೆ. ತೋಟದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ನೀರು ಇಳಿಸಿ ಪುಟ್ಟ ಟರ್ಬೈನ್ ತಿರುಗಿಸುವ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಮಳೆ ಜೋರಾದಷ್ಟೂ ಆ ಟರ್ಬೈನುಗಳು ಚೆನ್ನಾಗಿ ತಿರುಗುತ್ತವೆ, ಲೈನ್ ಹೋಗುವುದೂ ಅದೇ ಹೊತ್ತಿಗೆ. ಮದುವೆ ಮನೆಗೋ ಅಡಿಕೆ ಸುಲಿಯುವ ಯಂತ್ರಕ್ಕೋ ತಂದ ಜನರೇಟರನ್ನು ಎರಡೂ ತುದಿಗೆ ಪ್ಲಗ್ ಇರುವ ಒಂದು ವೈರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೇನ್ ಸ್ವಿಚ್ ಬಿಡಿಸಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಟಿಸಿ 11,000 ವೋಲ್ಟನ್ನು ಮನೆಗೆ ತಕ್ಕಂತೆ ಇಳಿಸುವ ಯಂತ್ರ. ಹಿಂದಿನಿಂದ ಕೊಟ್ಟರೆ ಅದೇ ಲೆಕ್ಕದಲ್ಲಿ ಏರಿಸುತ್ತದೆ. ಲೈನ್ ಬಂದ್ ಮಾಡಿದ್ದೇವೆಂದು ನಂಬಿ ಕಾಡಿನೊಳಗೆ ತಂತಿ ಹಿಡಿದವರ ಕೈಗೆ ಸಾವಿರಾರು ವೋಲ್ಟ್ ಸಿಗುತ್ತದೆ. ಅದೂ ಯಾರದೋ ಮನೆಯ ದೀಪಕ್ಕಾಗಿ.

ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಒಂದು ಕಡೆ ಲೈನ್, ಇನ್ನೊಂದು ಕಡೆ ಸ್ವಂತ ಕರೆಂಟ್, ನಡುವೆ ಖಾಲಿ. ಎರಡೂ ಕೂಡಿಕೊಳ್ಳಲು ಅದು ಬಿಡುವುದೇ ಇಲ್ಲ. ಅದಿಲ್ಲದ ಮನೆಗೆ ದಂಡ ಹಾಕಿದರೂ ನಾವು ಅಡ್ಡ ಬರುವುದಿಲ್ಲ. ಮೊದಲ ಒಂದು ವರ್ಷ ದಂಡದ ಬದಲು ತಿಳಿವಳಿಕೆ ಹೇಳಿ, ಸ್ವಿಚ್ ಕೂರಿಸಿಕೊಡಿ ಎಂಬುದಷ್ಟೇ ನಮ್ಮ ಕೋರಿಕೆ. ಯಾವ ಯಾವ ಮನೆಯಲ್ಲಿ ಸ್ವಂತ ಕರೆಂಟ್ ಇದೆ ಎಂಬ ಪಟ್ಟಿ ಪ್ರತಿ ಪವರ್‌ಮ್ಯಾನ್ ಬಳಿ ಇರಲಿ. ಪಟ್ಟಿ ಮಾಡಲು ನಾವೇ ಜೊತೆಗೆ ಬರುತ್ತೇವೆ.

8. ಲೈನ್ ಕಟ್ಟಿ ಮುಗಿಸಿದ ಮೇಲೆ ಸರ್ವಿಸ್ ಬಿಚ್ಚಿದ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಸರಿಯಾಗಿವೆಯೇ ಎಂದು ಟೆಸ್ಟರ್ ಹಚ್ಚಿ ನೋಡುವುದು ನಿಯಮವಾಗಲಿ. ಅದಕ್ಕೆ ಬೇಕಾದ ಸಮಯವನ್ನೂ ಇನ್ನೊಬ್ಬ ಸಹಾಯಕನನ್ನೂ ಪವರ್‌ಮ್ಯಾನ್‌ಗಳಿಗೆ ಕೊಡಿ.

9. ಹೊಸ ಸಂಪರ್ಕಕ್ಕೆ ಗುತ್ತಿಗೆದಾರರು ಕೊಡುವ ಕಾಮಗಾರಿ ಪೂರ್ಣಗೊಂಡ ವರದಿಯಲ್ಲಿ ಮೇನ್ ಸ್ವಿಚ್ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಎರಡೂ ಪೋಲ್ ಬಿಡುತ್ತವೆಯೇ ಎಂದು ಬರೆಯುವ ಜಾಗ ಮಾಡಿ; ಸ್ವಿಚ್ಚಿನ ಫೋಟೊವನ್ನೂ ಅವರು ಲಗತ್ತಿಸಲಿ. ಮನೆಗೆ ಬಾರದೆ ಸಹಿ ಹಾಕಿದ ವರದಿಯನ್ನು ಒಪ್ಪಬೇಡಿ. ಐಎಸ್‌ಐ ಗುರುತಿಲ್ಲದ ಸ್ವಿಚ್ಚುಗಳು ಸಂತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಬಡವರ ಮನೆ ಸೇರುವುದು ಅವೇ, ಆದ್ದರಿಂದ ಸಂತೆಯಲ್ಲೂ ತಪಾಸಣೆ ನಡೆಯಲಿ.

10. ಹಿಡಿ ಇದ್ದರೆ ಸಾಲದು, ಅದನ್ನು ಎಳೆಯಲು ಮನೆಯವರಿಗೆ ಗೊತ್ತಿರಬೇಕು. ಸ್ವಸಹಾಯ ಸಂಘಗಳ ಸಭೆಯಲ್ಲಿ, ಶಾಲೆಯಲ್ಲಿ, ಅಂಗನವಾಡಿಯಲ್ಲಿ ಒಂದೊಂದು ಗಂಟೆ ಕೊಡಿ. ನಿಜವಾದ ಸ್ವಿಚ್ ತಂದು ಕೈಯಲ್ಲಿ ಹಿಡಿಸಿ. ಪೆಟ್ಟಿಗೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಮೇಲೆ: ಕರೆಂಟ್ ಇದೆ. ಕೆಳಗೆ: ಇಲ್ಲ’ ಎಂದು ಬರೆದು, ಕೆಳಗೆ 1912 ಸಹಾಯವಾಣಿಯ ಸಂಖ್ಯೆಯನ್ನೂ ಹಾಕಿ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಬಿಡಿಸಬೇಕು ಎಂದು ಮಕ್ಕಳಿಗೂ ಕಲಿಸಿ. ಅಪ್ಪನನ್ನು ಬಿಡಿಸಲು ಹೋದ ಮಗ, ಮಗನನ್ನು ಹಿಡಿದ ತಾಯಿ, ಹೀಗೆ ಒಂದೇ ತಂತಿಗೆ ಮನೆಯೇ ಬಲಿಯಾದ ಸುದ್ದಿಯನ್ನು ಪ್ರತಿ ಮಳೆಗಾಲದಲ್ಲೂ ಯಾವುದೋ ಊರಿನಿಂದ ಓದುತ್ತೇವೆ.

ಗುಡುಗಿನ ವಿಷಯವೂ ಇದರಲ್ಲಿ ಸೇರಲಿ. ಭರಣಿ, ಕೃತ್ತಿಕೆಯ ಸಿಡಿಲಿಗೆ ಮೇನ್ ಬಿಡಿಸಿ ಕೂರುವುದು ನಮ್ಮ ರೂಢಿ. ಒಳ್ಳೆಯದೇ. ಆದರೆ ಸ್ವಿಚ್ಚಿನೊಳಗಿನ ಸಂದು ಕೆಲವು ಮಿಲಿಮೀಟರ್ ಮಾತ್ರ, ಆಕಾಶದಿಂದ ಇಳಿದು ಬಂದದ್ದಕ್ಕೆ ಅದು ದೊಡ್ಡ ದೂರವಲ್ಲ. ಟಿವಿಯ ಪ್ಲಗ್ಗನ್ನೂ ಕೇಬಲನ್ನೂ ಕೀಳಬೇಕು ಎಂಬುದನ್ನೂ ಹೇಳಿಕೊಡಿ.

11. ಈ ಕೆಲಸಕ್ಕೆ ದಿನ ಗೊತ್ತುಮಾಡಿ. ಕೊನೆಯ ಅಡಿಕೆ ಕೊಯ್ಲು ಮುಗಿದು, ರೋಹಿಣಿ ಮಳೆ ಕಾಲಿಡುವ ಮೊದಲು ನಮಗೆ ಬಿಡುವಿರುತ್ತದೆ, ರಸ್ತೆಯಲ್ಲಿ ನಿಮ್ಮ ಜೀಪೂ ಬರುತ್ತದೆ. ಪಂಚಾಯಿತಿಗೊಂದು ಶಿಬಿರ ಹಾಕಿ, ಆರ್.ಆರ್. ನಂಬರ್ ಪ್ರಕಾರ ಮನೆಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ. ಆರಂಭವನ್ನು ಘಾಟಿ ರಸ್ತೆಯ ಪಕ್ಕದ ಮನೆಗಳಿಂದ ಮಾಡಬೇಡಿ. ಕಾಲುಸಂಕ ದಾಟಿ, ಗುಡ್ಡ ಇಳಿದು ಹೋಗಬೇಕಾದ ಕೊನೆಯ ಒಂಟಿಮನೆಯಿಂದ ಮಾಡಿ. ಲೈನ್ ಹರಿದ ರಾತ್ರಿ ಯಾರೂ ತಲುಪಲಾಗದ ಮನೆ ಅದು. ಸಾಮಾನು ಹೊರಲು, ದಾರಿ ತೋರಿಸಲು, ಮಧ್ಯಾಹ್ನದ ಊಟಕ್ಕೆ ನಾವಿದ್ದೇವೆ. ಲಿಖಿತ ಉತ್ತರ ಈ ಪತ್ರ ಮುಟ್ಟಿದ ಮೂವತ್ತು ದಿನದೊಳಗೆ ಬರಲಿ.

ಇಂತು,
ಹುಲಿಕಲ್ ಮತ್ತು ಸುತ್ತಲಿನ ಹಳ್ಳಿಗಳ ವಿದ್ಯುತ್ ಬಳಕೆದಾರರು